ವಾಸುಣ್ಣಿ ಮಾಷ್ ಮೇಲೊಂದು ಅರ್ಜಿ

ನಮ್ಮ ಮೇಷ್ಟರು ವಾಸುಣ್ಣಿ ಮಾಷ್ ಮೇಲೆ ಅರ್ಜಿ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಈಗ ನಮ್ಮೂರಿನಲ್ಲಿ ಮಾಷ್ ಮಾತು ಬಂದರೆ ಸಾಕು, "ನಮ್ಮ ಫಸೀಲಾ ಅವರ ಕೈಯಲ್ಲೇ ಪಳಗಿದವಳು" ಎಂದು ಜನ ನನ್ನನ್ನು ಮುಂದಕ್ಕೆ ತಳ್ಳುತ್ತಾರೆ. ನಾನೂ ಮಹಾ ಶಿಷ್ಯೆಯ ಹಾಗೆ ತಲೆಯಾಡಿಸುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಆ ಮನುಷ್ಯನ ಮಾನ ಕಳೆಯಲು ಹೊರಟವಳು ಇವಳೇ ಎಂಬುದು ಯಾರಿಗೂ ನೆನಪಿಲ್ಲ. ನನಗಿದೆ.

ನಮ್ಮದು ಶೊರ್ನೂರಿನಿಂದ ಎರಡು ಸ್ಟೇಷನ್ ಆಚೆ, ನಿಳಾ ಹೊಳೆಯ ದಡದ ಊರು. ಹೈಸ್ಕೂಲಿನಲ್ಲಿ ಹತ್ತು ಕಂಪ್ಯೂಟರುಗಳಿದ್ದವು. ಕಂಪ್ಯೂಟರಿಗೆಂದೇ ಬೇರೆ ಮೇಷ್ಟರು ನಮ್ಮ ಕಡೆ ಹೈಸ್ಕೂಲುಗಳಲ್ಲಿ ಇರುತ್ತಿರಲಿಲ್ಲ. ಇದ್ದವರಲ್ಲೇ ಯಾರದಾದರೂ ಕೊರಳಿಗೆ ಅದನ್ನು ಕಟ್ಟುತ್ತಿದ್ದರು. ಗಣಿತದವರು ತಮಗೆ ಬೆನ್ನುನೋವು ಎಂದರು. ವಿಜ್ಞಾನದ ಟೀಚರ್ ಹೆರಿಗೆ ರಜೆ ಹಾಕಿದರು. ಉಳಿದವರು ಮಲಯಾಳಂ ಕಲಿಸುವ ವಾಸುಣ್ಣಿ ಮಾಷ್. ಯಾರು ಏನು ಹೇಳಿದರೂ ಇಲ್ಲವೆನ್ನಲು ಬಾರದವರು. ನಿವೃತ್ತಿಗೆ ಎರಡು ವರ್ಷ ಇರುವಾಗ ಹತ್ತು ದಿನದ ತರಬೇತಿಗೆ ಹೋಗಿ, ಒಂದು ಸರ್ಟಿಫಿಕೇಟು ಹಿಡಿದುಕೊಂಡು ಬಂದರು. ಬಂದವರೇ ಕಂಪ್ಯೂಟರ್ ರೂಮಿಗೆ ಹೊಸ ಬೀಗ ಹಾಕಿಸಿದರು.

ಆ ರೂಮಿನ ಕಟ್ಟಳೆಗಳನ್ನು ಕೇಳಬೇಕು ನೀವು. ಚಪ್ಪಲಿ ಹೊರಗೆ. ಕಾಲು ತೊಳೆದೇ ಒಳಗೆ. ಬಾಗಿಲಲ್ಲಿ ನಿಂತು ಎರಡೂ ಅಂಗೈ ತೋರಿಸಬೇಕು. ಮಧ್ಯಾಹ್ನದ ಮೀನಿನ ವಾಸನೆ ಉಳಿದಿದ್ದರೆ ಮತ್ತೆ ನಲ್ಲಿಯ ಹತ್ತಿರ ಓಡಬೇಕು. ಒಂದು ಯಂತ್ರಕ್ಕೆ ನಾಲ್ವರು, ಒಬ್ಬರು ಮೌಸ್ ಹಿಡಿದರೆ ಮೂವರು ಕೈಕಟ್ಟಿ ನೋಡುವುದು. ಅರ್ಧ ಗಂಟೆ ಓಡಿದ ಯಂತ್ರಕ್ಕೆ ಹತ್ತು ನಿಮಿಷ ವಿಶ್ರಾಂತಿ. ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಮಾಷ್ ಅದರ ಮೇಲೆ ಕೈಯಿಟ್ಟು ನೋಡಿ, "ಬಿಸಿಯಾಗಿದೆ ಪಾಪ, ಆರಿಸಿ" ಎನ್ನುತ್ತಿದ್ದರು. ಇಂಟರ್‌ನೆಟ್ಟಿನ ತಂತಿ ಹೆಡ್‌ಮಿಸ್ಟ್ರೆಸ್ ಕಪಾಟಿನಲ್ಲಿ ಬಂದಿ. ಪೆನ್ ಡ್ರೈವಿನಿಂದ ವೈರಸ್ ಬರುತ್ತದೆಂದು ಯಾರೋ ಹೇಳಿದ ದಿನದಿಂದ ಮಾಷ್ ನೆಗಡಿಯಾದವರನ್ನೂ ಹೊರಗೆ ನಿಲ್ಲಿಸುತ್ತಿದ್ದಾರೆ ಎಂದು ನಮ್ಮ ಕ್ಲಾಸಿನ ಜಿಜೀಷ್ ಕಥೆ ಕಟ್ಟಿದ್ದ. ಅರ್ಧ ಶಾಲೆ ಅದನ್ನು ನಂಬಿತ್ತು.

ಪಾಠವೂ ಹಾಗೇ. ಪದ್ಯ ಓದುವ ದನಿಯಲ್ಲಿ ಮಾಷ್ ಪುಸ್ತಕ ಓದುತ್ತಿದ್ದರು. "ಈಗ ಫೈಲ್ ಎಂಬಲ್ಲಿ ಒತ್ತಿ... ಬಳಿಕ ಸೇವ್ ಎಂಬಲ್ಲಿ ಒತ್ತಿ..." ಒತ್ತಿದ ಮೇಲೆ ಪುಸ್ತಕದಲ್ಲಿಲ್ಲದ್ದು ಏನಾದರೂ ಪರದೆಯ ಮೇಲೆ ಬಂದರೆ ಮುಗಿಯಿತು. "ಯಾರೂ ಮುಟ್ಟಬೇಡಿ! ಕೈ ಹಿಂದೆ!" ಎಂದು ಓಡಿ ಬಂದು ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಚಿಕ್ಕಮ್ಮನ ಮಗ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಶನಿವಾರ ಅಲ್ಲಿ ಕೂತು ಮದುವೆ ಕಾಗದ, ಪಕ್ಷದ ಕರಪತ್ರ ಎಲ್ಲ ಟೈಪ್ ಮಾಡಿ ನಾನು ಒಂದಿಷ್ಟು ಕಲಿತಿದ್ದೆ. ಗೊತ್ತಿದ್ದದ್ದು ಒಂದು ಹಿಡಿ, ಹಮ್ಮು ಒಂದು ಮೂಟೆ. ಒಂದು ದಿನ ಮಾಷ್ ಪರದೆಯ ಗುಂಡಿ ಒತ್ತಿ, "ನೋಡಿ, ಕಂಪ್ಯೂಟರ್ ಆರಿತು" ಎಂದರು. ನಾನು ಕೂತಲ್ಲಿಂದಲೇ, "ಆರಿಲ್ಲ ಮಾಷೇ, ಕಣ್ಣು ಮುಚ್ಚಿದೆ ಅಷ್ಟೆ. ನಿಮ್ಮ ಪಾಠ ಕೇಳಿ ನಿದ್ದೆ ಬಂದಿರ್ಬೇಕು" ಎಂದೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಾಷ್ ಕೂಡ ನಕ್ಕರು. ಆದರೆ ಅವರ ಎರಡೂ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ನೋಡಿ ಖುಷಿಪಟ್ಟೆ, ಅದನ್ನೂ ಹೇಳಬೇಕು.

ಮರುವಾರ ಅವರು ನಮ್ಮನ್ನು ಆ ರೂಮಿಗೆ ಕರೆದುಕೊಂಡು ಹೋಗಲಿಲ್ಲ. "ಇವತ್ತು ಬಾಯಿಪಾಠ" ಎಂದು ಕ್ಲಾಸಿನಲ್ಲೇ ಪುಸ್ತಕ ತೆಗೆಸಿದರು. ಅದರ ಮುಂದಿನ ವಾರವೂ ಅದೇ. ಓಣಂ ರಜೆ ಬಂದು ಹೋಯಿತು, ಬೀಗ ತೆಗೆಯಲಿಲ್ಲ. ಫೆಬ್ರವರಿಯಲ್ಲಿ ಹತ್ತನೇ ಕ್ಲಾಸಿನ ಕಂಪ್ಯೂಟರ್ ಪ್ರಾಕ್ಟಿಕಲ್ ಪರೀಕ್ಷೆ. ಅಲ್ಲಿ ಒಬ್ಬೊಬ್ಬರೇ ಯಂತ್ರದ ಮುಂದೆ ಕೂರಬೇಕು. ನನಗೆ ಜೆರಾಕ್ಸ್ ಅಂಗಡಿಯಿತ್ತು. ಕ್ಲಾಸಿನ ಮೂವತ್ತೆಂಟು ಜನರಲ್ಲಿ ಮೌಸನ್ನು ಎರಡು ಸಲಕ್ಕಿಂತ ಹೆಚ್ಚು ಹಿಡಿದವರು ಐದು ಜನವೂ ಇರಲಿಲ್ಲ. ಉಳಿದವರ ಗತಿ ಏನು?

ನಮ್ಮ ಕಡೆಯವರ ಚಾಳಿ ಒಂದಿದೆ. ನಲ್ಲಿಯಲ್ಲಿ ನೀರು ಬರದಿದ್ದರೆ ರಿಪೇರಿಯವನನ್ನು ಕರೆಯುವ ಮೊದಲು ಅರ್ಜಿ ಬರೆಯುತ್ತೇವೆ. ಎದುರಿಗಿರುವವನ ಹತ್ತಿರ ಎರಡು ಮಾತಾಡಿ ಮುಗಿಸಬಹುದಾದದ್ದನ್ನು ಐವತ್ತು ಸಹಿ ಹಾಕಿಸಿ ಮೇಲಿನ ಕಚೇರಿಗೆ ಕಳಿಸಿದರೇ ನಮಗೆ ಸಮಾಧಾನ. ನಮ್ಮಲ್ಲಿ ಒಬ್ಬರಿಗೂ, ಮಾಷ್ ಹತ್ತಿರ ಹೋಗಿ "ಬಾಗಿಲು ತೆಗೀರಿ ಮಾಷೇ" ಎಂದು ಕೇಳೋಣ ಅನ್ನಿಸಲಿಲ್ಲ. ಮಾವಿನ ಮರದಡಿ ಸಭೆ ಸೇರಿ, ಅಧ್ಯಕ್ಷರನ್ನು ಆರಿಸಿ, ಶಿಕ್ಷಣ ಇಲಾಖೆಗೆ ಅರ್ಜಿ ಬರೆಯುವುದೆಂದು ತೀರ್ಮಾನಿಸಿದೆವು.

"ಟೈಪ್ ಮಾಡಿ ಕಳಿಸಿದ್ರೆ ಗತ್ತಾಗಿರ್ತಿತ್ತು" ಎಂದ ಜಿಜೀಷ್.

"ಟೈಪ್ ಮಾಡೋಕೆ ಬಿಟ್ಟಿದ್ರೆ ಅರ್ಜಿನೇ ಬೇಕಿರ್ಲಿಲ್ಲ, ಬೆಪ್ಪೇ" ಎಂದು ನಾನೇ ಕೈಯಲ್ಲಿ ಬರೆದೆ. ನಮ್ಮ ಮಾಷ್‌ಗೆ ಕಂಪ್ಯೂಟರ್ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಡಲು ರೂಮಿಗೆ ಬೀಗ ಹಾಕಿದ್ದಾರೆ. ಗೊತ್ತಿರುವವರನ್ನು ಕಳಿಸಿಕೊಡಿ. ಇಷ್ಟೇ. ಮೂವತ್ತೆಂಟು ಸಹಿಯಾಯಿತು. ರೈಲ್ವೆ ಗೇಟಿನ ಪಕ್ಕದ ಕೆಂಪು ಡಬ್ಬಿಗೆ ನಾನೇ ಹಾಕಿ ಬಂದೆ. ಆ ಡಬ್ಬಿಯ ಎದುರಿಗೇ ನಮ್ಮುಪ್ಪನ, ಅಂದರೆ ಅಪ್ಪನ, ಚಾಯದಂಗಡಿ. ಮಾಷ್ ಬೆಳಿಗ್ಗೆ ಅಲ್ಲೇ ಕೂತು ಚಾಯ ಕುಡಿಯುತ್ತಿದ್ದರು. ನನ್ನನ್ನು ನೋಡಿ, "ಯಾರಿಗೆ ಮಗಳೇ ಕಾಗದ?" ಎಂದು ಕೇಳಿದರು. "ಮಾಮನಿಗೆ, ದುಬೈಗೆ" ಎಂದೆ.

ಪೂಜೆಯ ರಜೆಗೆ ನಾಲ್ಕು ದಿನ ಇರುವಾಗ ಮೇಲಿನ ಕಚೇರಿಯಿಂದ ಒಬ್ಬ ಆಫೀಸರ್ ಬಂದರು. ನಾವು ಕಿಟಕಿಗೆ ಜೋತುಬಿದ್ದೆವು. ಹೊಸ ಮೇಷ್ಟರನ್ನು ಕೊಡಲು ಬಂದಿದ್ದಾರೆಂದೇ ನಮ್ಮ ಲೆಕ್ಕ. ಅವರು ಯಂತ್ರಗಳ ಮೇಲಿನ ಬಿಳಿಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ಹೊಚ್ಚ ಹೊಸದಾಗಿವೆಯಲ್ಲ" ಎಂದು ಹೆಡ್‌ಮಿಸ್ಟ್ರೆಸ್ ಅಂಬುಜಾಕ್ಷಿ ಟೀಚರ ಕಡೆ ತಿರುಗಿದರು. "ಹೊಳೆಯಾಚೆ ಒಂದು ಶಾಲೇಲಿ ಮಕ್ಕಳು ಕಂಪ್ಯೂಟರಿನ ಚಿತ್ರ ನೋಡ್ಕೊಂಡು ಪರೀಕ್ಷೆ ಬರೀತಿದಾರೆ. ನಿಮ್ಮಲ್ಲಿ ಹತ್ತು, ಗಂಧದ ಮರದ ಹಾಗೆ ಕಾಯ್ಕೊಂಡು ಕೂತಿದೀರಿ."

"ಹಾಗಲ್ಲ ಸಾರ್..." ಎಂದರು ಟೀಚರ್.

"ಹೇಗೆ ಅಂತ ಮಕ್ಕಳೇ ಬರೆದಿದಾರೆ. ನಾನು ವಿಜಯದಶಮಿ ಕಳೆದು ಹತ್ತನೇ ದಿನ ಬರ್ತೀನಿ. ಇವನ್ನ ನಡೆಸೋರು ಈ ಶಾಲೇಲಿ ಯಾರಾದ್ರೂ ಇದ್ರೆ ತೋರ್ಸಿ. ಇಲ್ದಿದ್ರೆ ಬರುವಾಗ ಲಾರಿ ತರ್ತೀನಿ."

ಮಾಷನ್ನು ಬದಲಿಸಿ ಎಂದು ಬರೆದಿದ್ದೆವು, ಅವರು ಕಂಪ್ಯೂಟರುಗಳನ್ನೇ ಒಯ್ಯಲು ಹೊರಟಿದ್ದರು. ಫೆಬ್ರವರಿಯ ಪರೀಕ್ಷೆಗೆ ಇನ್ನು ನಾವೂ ಚಿತ್ರ ನೋಡಿಕೊಂಡು ಕೂರಬೇಕಿತ್ತು.

ಆಫೀಸರ್ ಅರ್ಜಿಯನ್ನು ಮಾಷ್ ಕೈಗೇ ಕೊಟ್ಟರು. ಮಾಷ್ ಕನ್ನಡಕ ಏರಿಸಿ, ನಿಂತೇ ಪೂರ್ತಿ ಓದಿದರು. ಮಡಚಿ ವಾಪಸ್ ಕೊಡುತ್ತ, "ಚೆನ್ನಾಗಿ ಬರೆದಿದಾರೆ ಸಾರ್. ಒಂದು ಮಾತೂ ಹೆಚ್ಚಿಲ್ಲ" ಎಂದರು. ಆಮೇಲೆ ಕಿಟಕಿಯತ್ತ ಕಣ್ಣೆತ್ತಿದರು. ಅಷ್ಟು ಮುಖಗಳ ನಡುವೆ ಅವರ ನೋಟ ಬಂದು ನಿಂತದ್ದು ನನ್ನ ಮೇಲೆ. ಮೂರು ವರ್ಷ ನನ್ನ ಪ್ರಬಂಧದ ಪುಸ್ತಕ ತಿದ್ದಿದವರಿಗೆ ನನ್ನ ಕೈಬರಹ ಗೊತ್ತಾಗದೇ ಇರುತ್ತದೆಯೇ?

ಸಂಜೆಯಷ್ಟರಲ್ಲಿ ಸುದ್ದಿ ಚಾಯದಂಗಡಿಗೆ ತಲುಪಿತ್ತು. ಉಪ್ಪ ಬಯ್ಯಲಿಲ್ಲ. ಬಾಳೆಹಣ್ಣಿನ ಬೋಂಡ ಕರಿಯುತ್ತಿದ್ದವರು ಜಾಲರಿ ಕೆಳಗಿಟ್ಟು, "ನನಗೂ ಅಕ್ಷರ ಕಲಿಸಿದವರು ಅವರೇ ಕಣೇ. ನಿನಗೆ ತಲೆ ಇದೆ, ಒಪ್ಪಿದೆ. ಅದರ ಮೇಲೆ ತಟ್ಟದ ಬಟ್ಟೆ ಹಾಕ್ಕೊಂಡ ಹಾಗೆ ನಾಲಿಗೆಗೂ ಏನಾದ್ರೂ ಹಾಕ್ಕೋಬೇಕಿತ್ತು" ಎಂದರು. ಬೈದಿದ್ದರೆ ವಾಸಿಯಿತ್ತು.

ಅಷ್ಟಮಿಯ ಸಂಜೆ ಶಾಲೆಯಲ್ಲಿ ಪೂಜೆಗಿಟ್ಟರು. ಪುಸ್ತಕ, ಸಂಗೀತದ ಟೀಚರ ಹಾರ್ಮೋನಿಯಂ, ತೋಟದ ಗುದ್ದಲಿ, ಜೊತೆಗೆ ಹತ್ತೂ ಕಂಪ್ಯೂಟರು. ಪೂಜೆಗಿಟ್ಟ ಮೇಲೆ ವಿಜಯದಶಮಿ ಬೆಳಿಗ್ಗೆಯವರೆಗೆ ಯಾವುದನ್ನೂ ಮುಟ್ಟುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ಪ್ರತಿವರ್ಷ ನಮಗೆ ಇದು ಹಬ್ಬ. ಆ ವರ್ಷ ಮಾತ್ರ, ಗಂಧದ ಬೊಟ್ಟಿಟ್ಟ ಯಂತ್ರಗಳನ್ನು ನೋಡಿ ಜಿಜೀಷ್, "ಕಳಿಸೋಕೆ ಮುಂಚೆ ಮದುಮಗಳಿಗೆ ಅಲಂಕಾರ" ಎಂದಾಗ ಯಾರೂ ನಗಲಿಲ್ಲ.

ವಿಜಯದಶಮಿ ಎಂದರೆ ನಮ್ಮಲ್ಲಿ ಎಳೆಯ ಮಕ್ಕಳಿಗೆ ಅಕ್ಷರ ತೊಡಗಿಸುವ ದಿನ. ಹಿರಿಯರು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಅದರ ಬೆರಳು ಹಿಡಿದು, ಅಕ್ಕಿಯ ಮೇಲೆ 'ಹರಿಶ್ರೀ' ಎಂದು ಮೊದಲ ಅಕ್ಷರ ಬರೆಸುತ್ತಾರೆ. ವಾಸುಣ್ಣಿ ಮಾಷ್‌ಗೆ ಅವತ್ತು ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಅವರ ಮನೆ ಜಗಲಿಯಲ್ಲಿ ಅಳುವ ಮಕ್ಕಳ ಸಾಲೇ ಇರುತ್ತಿತ್ತು. ಅಂಥ ದಿನ ಬೆಳಿಗ್ಗೆ ಏಳಕ್ಕೆ ಅವರು ಒಗೆದ ಪಂಚೆಯುಟ್ಟು, ಕೈಯಲ್ಲಿ ವೀಳ್ಯದೆಲೆ ಹಿಡಿದು ನಮ್ಮ ಅಂಗಡಿಯ ಮುಂದೆ ನಿಂತಿದ್ದರು.

ಉಪ್ಪ ಗಾಬರಿಯಾದರು. "ಮಾಷೇ, ಹುಡುಗಿ ಸಣ್ಣದು, ಬುದ್ಧಿಯಿಲ್ಲ. ನಾನೇ ನಿಮ್ಮ ಮನೆಗೆ ಬರೋಣ ಅಂತಿದ್ದೆ..."

"ಮೊಯ್ದೀನೇ, ನೀನು ಆರನೇ ಕ್ಲಾಸಲ್ಲೂ ಹೀಗೇ, ಪ್ರಶ್ನೆ ಕೇಳೋಕೆ ಮುಂಚೆ ಉತ್ತರ ಹೇಳ್ತಿದ್ದೆ. ಮಗಳನ್ನ ಕರಿ."

ಅಂಗಡಿಯ ಹಿಂದೆಯೇ ಮನೆ. ನಾನು ಅಡುಗೆಮನೆಯಲ್ಲಿ ಉಮ್ಮನ ಹಿಂದೆ ಅವಿತಿದ್ದೆ. ಉಮ್ಮ ನನ್ನ ರಟ್ಟೆ ಹಿಡಿದು, "ಬರೆಯುವಾಗ ಇದ್ದ ಧೈರ್ಯ ಈಗೆಲ್ಲಿ ಹೋಯ್ತು? ನಡಿ" ಎಂದು ಹೊರಗೆ ದಬ್ಬಿದರು.

ಮಾಷ್ ವೀಳ್ಯದೆಲೆ, ಅಡಿಕೆ, ಅದರ ಮೇಲೊಂದು ನಾಣ್ಯ ಇಟ್ಟು ನನ್ನ ಮುಂದೆ ಚಾಚಿದರು. ಗುರುಗಳಿಗೆ ದಕ್ಷಿಣೆ ಕೊಡುವುದು ಹಾಗೆಯೇ. ಕೊಡುವುದು ಶಿಷ್ಯರು. ನನಗೆ ಏನೂ ಅರ್ಥವಾಗಲಿಲ್ಲ.

"ಇವತ್ತು ಒಳ್ಳೆಯ ದಿನ. ನನಗೆ ಕಂಪ್ಯೂಟರಲ್ಲಿ ಹರಿಶ್ರೀ ಬರೆಸಬೇಕು ನೀನು" ಎಂದರು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಬೇಡ ಮಾಷೇ. ಅರ್ಜಿ... ಅದು ನಾನೇ... ತಪ್ಪಾಯ್ತು ಮಾಷೇ. ದಕ್ಷಿಣೆ ಎಲ್ಲ ಬೇಡ. ಸುಮ್ಮನೆ ಹೇಳಿಕೊಡ್ತೀನಿ."

"ಸುಮ್ಮನೆ ಹೇಳಿಕೊಟ್ರೆ ಎರಡನೇ ದಿನ ನಿನಗೆ ಬೇಜಾರಾಗುತ್ತೆ. ನನ್ನ ದಡ್ಡತನ ನನಗೆ ಗೊತ್ತು. ಇದನ್ನ ತಗೊಂಡ ಮೇಲೆ ಅರ್ಧಕ್ಕೆ ಬಿಡೋ ಹಾಗಿಲ್ಲ. ಅದಕ್ಕೇ ಕೊಡ್ತಿರೋದು. ಹಿಡಿ."

ಹಿಡಿದೆ. ಹಿಂದೆ ಉಪ್ಪ ಒಲೆಯ ಕಡೆ ತಿರುಗಿ ನಿಂತು, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡರು.

ಶಾಲೆಯಲ್ಲಿ ಪೂಜೆ ಮುಗಿದಿತ್ತು. ಯಂತ್ರಗಳ ಮೇಲೆ ಗಂಧ ಒಣಗಿತ್ತು. ಮಾಷ್ ಕಾಲು ತೊಳೆದು ಬಂದು ಮೊದಲ ಯಂತ್ರದ ಮುಂದೆ ಕೂತು, ಬಲಗೈ ತೋರುಬೆರಳನ್ನು ನನ್ನತ್ತ ಚಾಚಿದರು. ಅವರ ಜಗಲಿಯಲ್ಲಿ ಮಕ್ಕಳು ಚಾಚುವಂತೆಯೇ. ನಾನು ಆ ಬೆರಳು ಹಿಡಿದು ಕೀಲಿಮಣೆಯ ಒಂದು ಗುಂಡಿಯ ಮೇಲಿಟ್ಟೆ.

"ಇಲ್ಲಿ ಇಂಗ್ಲಿಷ್ ಅಕ್ಷರ ಇದೆಯಲ್ಲ?"

"ಒತ್ತಿ ಮಾಷೇ."

ಒತ್ತಿದರು. ಪರದೆಯ ಮೇಲೆ ದುಂಡಗೆ, ಮಲಯಾಳದ 'ಹ' ಬಂತು. ಮಾಷ್ ಕುರ್ಚಿಯಿಂದ ಅರ್ಧ ಎದ್ದರು. "ಇದಕ್ಕೆ ಮಲಯಾಳಂ ಬರುತ್ತಾ?"

"ಬರುತ್ತೆ ಮಾಷೇ. ಮೊದಲಿಂದಲೂ ಬರ್ತಿತ್ತು."

ಅವರು ಪರದೆಯ ಮೇಲಿನ ಆ ಅಕ್ಷರವನ್ನು ಬೆರಳಿನಿಂದ ತಿದ್ದಿದರು. ಮೂವತ್ತು ವರ್ಷ ಮಲಯಾಳಂ ಕಲಿಸಿದವರು. ಅದು ತಮಗೆ ಸಂಬಂಧವಿಲ್ಲದ ಬೇರೆಯವರ ಸಾಮಾನು ಎಂದುಕೊಂಡು ಒಂದು ವರ್ಷ ಅದರ ಕಾವಲು ಕಾದಿದ್ದರು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದರು: "ತರಬೇತೀಲಿ ಒಂದು ಯಂತ್ರಕ್ಕೆ ನಾಲ್ಕು ಜನ ನಾವು. ಮೂವರು ಚಿಕ್ಕ ವಯಸ್ಸಿನವರು, ಚುರುಕು. ಹತ್ತು ದಿನದಲ್ಲಿ ಒಂದು ಸಲಾನೂ ಮೌಸ್ ನನ್ನ ಕೈಗೆ ಬರ್ಲಿಲ್ಲ. ಕೊಡಿ ಅಂತ ಕೇಳಬಹುದಿತ್ತು. ಈ ವಯಸ್ಸಲ್ಲಿ ಹೇಗೆ ಕೇಳೋದು ಅಂತ ನಾಚಿಕೆ. ನನ್ನ ನಾಚಿಕೆಗೆ ನಿಮ್ಮನ್ನೆಲ್ಲ ಹೊರಗೆ ನಿಲ್ಲಿಸಿದೆ. ನೀನು ಬರೆದದ್ದು ಸರಿಯಾಗೇ ಇದೆ ಫಸೀಲಾ."

"ಮುಂದಿನದು 'ರ' ಮಾಷೇ" ಎಂದೆ.

ಆ ಹತ್ತು ದಿನ ನಾನು ಎಂಥ ಕೆಟ್ಟ ಟೀಚರಾಗಿದ್ದೆ ಎಂದರೆ, ಈಗ ನೆನೆದರೂ ಮುಖ ಮುಚ್ಚಿಕೊಳ್ಳಬೇಕು. ಮಾಷ್ ಮೌಸನ್ನು ಎತ್ತಿ ಹಿಡಿದರೆ "ಅಯ್ಯೋ, ಕೆಳಗಿಡಿ!" ಎಂದು ಚೀರುತ್ತಿದ್ದೆ. ಒಂದು ಅಕ್ಷರಕ್ಕಾಗಿ ಅವರು ಕೀಲಿಮಣೆಯ ಮೇಲೆಲ್ಲ ಬೆರಳು ಅಲೆಸುತ್ತಿದ್ದರೆ ತಡೆಯಲಾರದೆ ನಾನೇ ಒತ್ತಿಬಿಡುತ್ತಿದ್ದೆ. ಪುಸ್ತಕದಲ್ಲಿಲ್ಲದ್ದೇನಾದರೂ ಅವರು ಮಾಡಿದರೆ, "ಮುಟ್ಟಬೇಡಿ ಮಾಷೇ, ಕೈ ಹಿಂದೆ!" ಎಂದೆ ಒಂದು ದಿನ. ಹೇಳಿದ ಮೇಲೆ ನನಗೇ ಕೇಳಿಸಿತು. ಮಾಷ್ ಮೆಲ್ಲಗೆ ನನ್ನ ಕೈಯನ್ನು ಕೀಲಿಮಣೆಯಿಂದ ಸರಿಸಿ, "ಟೀಚರೇ, ಕೆಡಿಸೋಕಾದ್ರೂ ನನಗೆ ಬಿಡಿ. ಕೆಡಿಸದೆ ಹೇಗೆ ಕಲೀಲಿ?" ಎಂದರು. ಆ ರೂಮಿನೊಳಗೆ ಅವರು ನನ್ನನ್ನು ಟೀಚರೇ ಎಂದೇ ಕರೆಯುತ್ತಿದ್ದರು, ಅದರಲ್ಲಿ ಒಂದು ಚೂರೂ ಅಣಕ ಇರಲಿಲ್ಲ.

ಮೂರನೇ ದಿನ ಕಿಟಕಿಯಲ್ಲಿ ಕಿಸಿಕಿಸಿ ಕೇಳಿತು. ಇಡೀ ಕ್ಲಾಸು ಅಲ್ಲಿತ್ತು. ನಾನು ಓಡಿಸಲು ಎದ್ದೆ. ಮಾಷ್ ತಡೆದು, ತಾವೇ ಹೋಗಿ ಬಾಗಿಲನ್ನು ಪೂರ್ತಿ ತೆರೆದರು.

"ನಗೋದಾದ್ರೆ ಒಳಗೆ ಬಂದು ಕೂತು ನಗಿ. ಬಿಸಿಲಲ್ಲಿ ನಿಂತು ಯಾಕೆ? ಒಂಬತ್ತು ಖಾಲಿ ಇದೆ."

"ಕೈ ತೋರಿಸ್ಬೇಕಾ ಮಾಷೇ?" ಎಂದ ಜಿಜೀಷ್.

"ಬೇಡ. ಕಾಲು ಮಾತ್ರ ತೊಳ್ಕೋ. ಅದು ಕಂಪ್ಯೂಟರಿಗಲ್ಲ, ನಿನ್ನ ಪಕ್ಕ ಕೂರೋರಿಗೆ."

ಅವತ್ತಿನಿಂದ ಆ ರೂಮಿನಲ್ಲಿ ಸಂತೆ. ಬೆಳಿಗ್ಗೆ ಎಂಟರಿಂದ ಮೊದಲ ಗಂಟೆಯವರೆಗೆ, ಮತ್ತೆ ಸಂಜೆ ದೀಪ ಹಚ್ಚುವವರೆಗೆ. ಇಂಟರ್‌ನೆಟ್ಟಿನ ತಂತಿಯನ್ನು ಮಾಷ್ ಹೆಡ್‌ಮಿಸ್ಟ್ರೆಸ್ ಹತ್ತಿರ ವಾದ ಮಾಡಿ ಬಿಡಿಸಿಕೊಂಡು ಬಂದರು. ಯಾರಿಗೆ ಏನು ಗೊತ್ತೋ ಅದನ್ನು ಅವರು ಎಲ್ಲರ ಮುಂದೆ ಮಾಷ್‌ಗೆ ಹೇಳಿಕೊಡಬೇಕು. ಜಿಜೀಷ್ ಚಿತ್ರ ಬಿಡಿಸುವುದು ಹೇಳಿಕೊಟ್ಟ. ಎಂದೂ ಬಾಯಿಬಿಡದ ಪುಷ್ಪಲತಾ ಕೂಡ ಅಕ್ಷರದ ಬಣ್ಣ ಬದಲಿಸುವುದನ್ನು ತೋರಿಸಿದಳು. ಮಾಷ್ ನಡುನಡುವೆ, "ನಿಲ್ಲು, ನಿಲ್ಲು. ಅರ್ಥವಾಗ್ಲಿಲ್ಲ. ಇನ್ನೊಂದ್ಸಲ" ಎಂದು ಕೇಳುತ್ತಿದ್ದರು. ಎಂಟು, ಹತ್ತು ಸಲ ಕೇಳುತ್ತಿದ್ದರು. ತಮಗೂ ಅರ್ಥವಾಗದೆ ಕೂತಿದ್ದ ಹುಡುಗರು ಅವರ ನೆರಳಲ್ಲಿ ಕಲಿತುಬಿಟ್ಟರು. ಕೇಳಿದ್ದು ಮಾಷ್, ತಿಳಿದದ್ದು ಎಲ್ಲರಿಗೂ.

ಹತ್ತನೇ ದಿನ ಆಫೀಸರ್ ಬಂದರು. ಹಿಂದೆ ನಿಜವಾಗಿಯೂ ಒಂದು ಮಿನಿ ಲಾರಿ ಬಂದು ಗೇಟಿನ ಹತ್ತಿರ ನಿಂತಿತು. ಹಗ್ಗ, ಹಳೆ ಗೋಣಿಚೀಲ ಎಲ್ಲ ತಂದಿದ್ದರು.

ಅಂಬುಜಾಕ್ಷಿ ಟೀಚರ್ ಒಂದು ಕಾಗದ ತಯಾರಿಟ್ಟಿದ್ದರು. ಹಿಂದಿನ ಅರ್ಜಿ ತಿಳಿಯದೆ ಬರೆದದ್ದು, ಅದರಲ್ಲಿರುವುದೆಲ್ಲ ಸುಳ್ಳು, ನಮ್ಮ ಮಾಷ್ ಕಂಪ್ಯೂಟರಿನಲ್ಲಿ ನುರಿತವರು ಎಂದು ಅದರಲ್ಲಿತ್ತು. "ಬೇಗ ಬೇಗ ಸಹಿ ಹಾಕ್ರೋ, ಇದೊಂದಿದ್ರೆ ಲಾರಿ ವಾಪಸ್ ಹೋಗುತ್ತೆ" ಎಂದು ಅವಸರ ಮಾಡಿದರು. ನಾನೇ ಮೊದಲು ಪೆನ್ನು ತೆಗೆದೆ. ಮಾಷ್‌ಗಾಗಿ ಅಂಥ ನೂರು ಕಾಗದಕ್ಕೆ ಸಹಿ ಹಾಕಲು ತಯಾರಿದ್ದೆ.

ಮಾಷ್ ಬಂದು ಕಾಗದ ತೆಗೆದುಕೊಂಡು ಓದಿದರು. ಓದಿ ಅಂಗಿಯ ಜೇಬಿಗಿಟ್ಟುಕೊಂಡರು.

"ಇದು ಬೇಡ ಟೀಚರೇ."

"ಮಾಷೇ, ಲಾರಿ ನಿಂತಿದೆ ಅಲ್ಲಿ!"

"ನಿಂತಿರ್ಲಿ. ಮಕ್ಕಳು ಬರೆದದ್ದು ನಿಜ. ಕಂಡದ್ದನ್ನ ಕಂಡ ಹಾಗೆ ಬರೀರಿ ಅಂತ ಇಷ್ಟು ವರ್ಷ ಹೇಳಿಕೊಟ್ಟವನು ನಾನು. ಈಗ ನನ್ನ ಮರ್ಯಾದೆ ಉಳಿಸೋಕೆ ಅವರ ಕೈಯಲ್ಲಿ ಸುಳ್ಳಿಗೆ ಸಹಿ ಹಾಕ್ಸೋದಾ?" ಆಮೇಲೆ ಆಫೀಸರ್ ಕಡೆ ತಿರುಗಿದರು. "ಸಾರ್, ಅವರು ಬರೆದ ದಿನ ಅದು ಅಕ್ಷರಶಃ ನಿಜ. ಇವತ್ತು ಏನು ನಿಜ ಅಂತ ನೀವೇ ನೋಡಿ ಬರ್ಕೊಳ್ಳಿ. ಸೋತ್ರೆ ನಾನೇ ನಿಂತು ಲಾರಿಗೆ ತುಂಬಿಸ್ತೀನಿ."

ಆಫೀಸರ್ ಒಳಗೆ ನಡೆದರು. ನಾವು ಹಿಂದೆ ಹೋಗಿ ಗೋಡೆಗಂಟಿ ನಿಂತೆವು.

ಮಾಷ್ ಯಂತ್ರ ಹಚ್ಚಿದರು. ಆಫೀಸರ್ ಹೇಳಿದ ಹಾಗೆ ಒಂದು ಫೈಲ್ ತೆರೆದರು, ಉಳಿಸಿದರು, ಒಂದು ಚಿತ್ರವನ್ನು ಹುಡುಕಿ ತಂದು ಸೇರಿಸಿದರು. ನಾಲ್ಕನೆಯದಾಗಿ ಅಂಕಗಳ ಪಟ್ಟಿ ಮಾಡಿ ಕೂಡಿಸಲು ಹೇಳಿದಾಗ ಅವರ ಕೈ ನಿಂತಿತು. ನಾವು ಅದನ್ನು ಮುಟ್ಟಿಯೇ ಇರಲಿಲ್ಲ.

"ಇದು ನನಗೆ ಗೊತ್ತಿಲ್ಲ ಸಾರ್" ಎಂದರು ಮಾಷ್, ಚಾಯಕ್ಕೆ ಸಕ್ಕರೆ ಕಡಿಮೆ ಎನ್ನುವಷ್ಟು ಸಲೀಸಾಗಿ. ಹಿಂದೆ ತಿರುಗಿ, "ನಿಮಗ್ಯಾರಿಗಾದ್ರೂ ಗೊತ್ತಾ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. "ಹಾಗಾದ್ರೆ ಅದು ಮುಂದಿನ ವಾರಕ್ಕೆ."

ಆಫೀಸ‌ರ್ ಏನೋ ಬರೆದುಕೊಂಡರು. "ಸರಿ, ಮಲಯಾಳದಲ್ಲಿ ಏನಾದ್ರೂ ಟೈಪ್ ಮಾಡಿ. ನಿಮ್ಮಿಷ್ಟ" ಎಂದರು.

ಮಾಷ್ ತೋರುಬೆರಳು ಮುಂದೆ ಮಾಡಿ, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. 'ನನಗೆ ಕಲಿಸಿದ ಗುರುಗಳು' ಎಂದು ಮೇಲೆ ಬಂತು. ಅದರ ಕೆಳಗೆ, ಒಂದು: ಫಸೀಲಾ. ಎರಡು: ಜಿಜೀಷ್. ಮೂರು: ಪುಷ್ಪಲತಾ. ಒಂದು ಚೂರೂ ಅವಸರವಿಲ್ಲ. ಪಕ್ಕದಲ್ಲಿ ಪುಷ್ಪಲತಾ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಹನ್ನೊಂದನೇ ಹೆಸರು ಮುಗಿದಾಗ ಆಫೀಸರ್ ಗಡಿಯಾರ ನೋಡಿಕೊಂಡರು.

"ಸಾಕು ಮಾಷೇ."

"ಇನ್ನೂ ಇಪ್ಪತ್ತೇಳು ಇದೆ ಸಾರ್. ಯಾರನ್ನ ಬಿಡ್ಲಿ?"

ಕೊನೆಗೆ ಆಫೀಸರ್ ಒಂದು ಕುರ್ಚಿ ಎಳೆದುಕೊಂಡು ಕೂತರು. ಹೊರಗೆ ಲಾರಿಯವನು ಎರಡು ಸಲ ಹಾರನ್ ಹೊಡೆದ. ಮೂವತ್ತೆಂಟೂ ಹೆಸರು ಮುಗಿಯುವವರೆಗೆ ಅವರು ಏಳಲಿಲ್ಲ. ಮುಗಿದ ಮೇಲೆ ಪರದೆಯ ಹತ್ತಿರ ಬಗ್ಗಿ, "ಈ ಮೊದಲನೇ ಹೆಸರು ಯಾರು?" ಎಂದರು.

ನಾನು ಮುಂದೆ ಬಂದೆ.

"ಇವರಿಗೆ ಮೊದಲು ಹೇಳಿಕೊಟ್ಟವಳು ನೀನಾ?"

"ಹೌದು ಸಾರ್."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸಾಕು, ಹೋಗು ಎಂದು ಮಾಷ್ ಕಣ್ಣಲ್ಲೇ ಹೇಳುತ್ತಿದ್ದರು. ಆದರೆ ಆ ಪಟ್ಟಿಯಲ್ಲಿ ಮೊದಲ ಹೆಸರಾಗಿ ಕೂತು ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ.

"ಅರ್ಜಿ ಬರೆದವಳೂ ನಾನೇ ಸಾರ್" ಎಂದೆ.

ಆಫೀಸರ್ ನನ್ನನ್ನು ನೋಡಿದರು. ಮಾಷನ್ನು ನೋಡಿದರು. "ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿದ್ದಕ್ಕೇ ಅಲ್ವಾ ಸಾರ್, ಇವಳ ಹತ್ತಿರವೇ ಹೋದದ್ದು" ಎಂದರು ಮಾಷ್. "ನನಗೆ ಏನೇನು ಬರಲ್ಲ ಅಂತ ಅಷ್ಟು ಸರಿಯಾಗಿ ತಿಳ್ಕೊಂಡಿದ್ದೋರು ಊರಲ್ಲಿ ಇನ್ಯಾರಿದ್ರು?"

ಆಫೀಸರ್ ಜೋರಾಗಿ ನಕ್ಕುಬಿಟ್ಟರು. ಎದ್ದು ಹೊರಗೆ ಹೋಗಿ ಲಾರಿಯವನಿಗೆ ಕೈಬೀಸಿ, ಹೋಗೆಂದರು. ಕ್ಲಾಸು ಕೂಗಿದ ಕೂಗಿಗೆ ಪಕ್ಕದ ಕ್ಲಾಸಿನವರು ಓಡಿ ಬಂದರು. ನಾನು ಮಾತ್ರ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ, ತೊಳೆದಷ್ಟೂ ಒದ್ದೆಯಾಗುತ್ತಲೇ ಇತ್ತು.

ನನ್ನಿಂದ ಅವಮಾನಪಟ್ಟು, ಆ ಅವಮಾನವನ್ನು ನನ್ನ ಕೈಗೇ ಗೌರವವಾಗಿ ತಿರುಗಿಸಿ ಕೊಟ್ಟವರು ಅವರು. ಆವತ್ತು ಅವರಿಗೆ ಒಂದು ಮಾತು ಹೇಳಬೇಕೆಂದು ರೂಮಿಗೆ ವಾಪಸ್ ಬಂದೆ. ಮಾಷ್ ಆಗಲೇ ಕುರ್ಚಿಯ ಅಂಚಿಗೆ ಸರಿದು ಪಕ್ಕದಲ್ಲಿ ಜಾಗ ಮಾಡಿದ್ದರು.

"ಬಾ ಟೀಚರೇ, ಕೂರು" ಎಂದರು. "ಆ ಕೂಡಿಸೋ ಲೆಕ್ಕ ನಿನಗೂ ಗೊತ್ತಿಲ್ವಂತಲ್ಲ. ಇಬ್ರೂ ಸೇರಿ ಕೆಡಿಸೋಣ."